ಇಲ್ಲಿ ಎಂಬ ಪದ

ಹೆದ್ದಾರಿ ಇಲಾಖೆಯ ಪಟ್ಟಿಯಲ್ಲಿ ಅದರ ಸಂಖ್ಯೆ ಹದಿನಾಲ್ಕು.
ಎರಕದ ಫಲಕ, ಕಂದು ಮೈ, ಹೊನ್ನಬಣ್ಣದ ಅಕ್ಷರ,
ಎರಡೂ ಮಗ್ಗುಲಿಗೆ ಅದೇ ಮಾತು.
ಹೋಗುವವರು ಬರುವವರು ಎಂಬ ಭೇದವಿಲ್ಲ.

“ಇಲ್ಲಿ, ೧೮೫೨ರ ಜನವರಿಯ ಒಂದು ರಾತ್ರಿ,
ಅಂಬಿಗ ಎಲ್ಕಾನಾ ಸ್ಟ್ರೌಡ್
ಗುಲಾಮರ ಬೇಟೆಗೆ ಬಂದವರನ್ನು
ಬೆಳಗಿನವರೆಗೆ ನಡುಹೊಳೆಯಲ್ಲಿ ನಿಲ್ಲಿಸಿದ.
ಒಬ್ಬ ಹೆಂಗಸು ಪಾರಾದಳು.”

ಇಷ್ಟೇ.
ಅಕ್ಷರಕ್ಕಿಷ್ಟು ಎಂದು ಕೇಳುತ್ತದೆ ಎರಕದ ಕಾರ್ಖಾನೆ;
ಸಾಲೊಂದು ಉದ್ದವಾದರೆ ಸಮಿತಿ ಕೆಮ್ಮುತ್ತದೆ.

ನಾನು ವರ್ಲಿನ್ ಟ್ಯಾಕೆಟ್. ಇಪ್ಪತ್ತಾರು ವರ್ಷ
ಏಪ್ರಿಲ್ ಬಂತೆಂದರೆ ಏಣಿ ಹೊತ್ತು
ಓಹಾಯೋ ನದಿಯ ಈ ದಂಡೆಗುಂಟ
ಸತ್ತವರ ಹೆಸರಿಗೆ ಬಣ್ಣ ಬಳಿಯುತ್ತ ಬಂದವನು.
ಚರಿತ್ರೆ ಓದಿದವನಲ್ಲ.
ಓದಿದ್ದಷ್ಟೂ ಕುಂಚದ ತುದಿಯಿಂದ,
ಒಂದಕ್ಷರ ಒಣಗುವಷ್ಟರಲ್ಲಿ ಇನ್ನೊಂದು.

ಈ ಹದಿನಾಲ್ಕನ್ನು ಮೂರು ಸಲ ಕಿತ್ತು ನೆಟ್ಟಿದ್ದೇನೆ.
ರಸ್ತೆ ಅಗಲವಾದಾಗ ಒಮ್ಮೆ.
ಪೆಟ್ರೋಲ್ ಬಂಕಿನವನ ದರದ ಬೋರ್ಡಿಗೆ ಮರೆಯಾಯಿತೆಂದು ಒಮ್ಮೆ.
ಹಾಲಿನ ಲಾರಿ ಗುದ್ದಿ, ಕಂಬ ಡೊಂಕಾಗಿ,
ಕುಡುಕನಂತೆ ಜೋಳದ ಹೊಲಕ್ಕೆ ಒರಗಿಕೊಂಡಾಗ ಇನ್ನೊಮ್ಮೆ.
ಪ್ರತಿ ಸಲವೂ “ಇಲ್ಲಿ” ಎಂಬ ಪದ
ನನ್ನ ಪಿಕಪ್ಪಿನ ಹಿಂದೆ ಅಂಗಾತ ಮಲಗಿ ಬಂತು;
ಹೊಸ ಗುಂಡಿಯಲ್ಲಿ ಎದ್ದು ನಿಂತು
ಏನೂ ಆಗದವರಂತೆ
“ಇಲ್ಲಿ” ಅಂದಿತು.

ಹಾಗಾದರೆ ಇಲ್ಲಿ ಎಲ್ಲಿ?
ಹಳೆಯ ನಕ್ಷೆ ಹಿಡಿದು ಅಳೆದೆ ಒಂದು ಭಾನುವಾರ.
ಅಣೆಕಟ್ಟು ಕಟ್ಟಿದ ವರ್ಷ ಹೊಳೆ ಏರಿತ್ತಂತೆ.
ಆ ಕಡವು ಈಗ ನೀರಡಿ, ಎರಡಾಳು ಆಳದಲ್ಲಿ.
ಅಲ್ಲಿ ನೆಟ್ಟರೆ ಓದುವವರಾರು?
ಸುಮ್ಮನಾದೆ.

ಹೋದ ಅಕ್ಟೋಬರಿನಲ್ಲಿ ಟೊಲೀಡೊದಿಂದ ಬಂದಳು
ಜರೂಶಾ ಬೆಲ್‌ಫೀಲ್ಡ್, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು,
ಈಗ ಕೋಲೂರಿ ನಡೆಯುವವಳು.
ಫಲಕ ಓದಿದಳು, ತುಟಿ ಅಲ್ಲಾಡಿಸುತ್ತ.
“ಒಬ್ಬ ಹೆಂಗಸು” ಇದ್ದಲ್ಲಿಗೆ ಕೋಲಿನ ತುದಿ ಎತ್ತಿ ಮುಟ್ಟಿಸಿ,
“ನನ್ನ ಮುತ್ತಜ್ಜಿಯ ತಾಯಿ,” ಅಂದಳು. “ಕೆಟೂರಾ.”
ಬೆರಳು ಮಡಚಿ ಎಣಿಸಿದಳು ಇಂಗ್ಲಿಷಿನಲ್ಲಿ.
“ಏಳೇ ಅಕ್ಷರ. ಎಷ್ಟಾಗುತ್ತಿತ್ತು ಮಹಾ?”

ಉತ್ತರ ನನ್ನ ಬಳಿ ಇರಲಿಲ್ಲ. ದೋಣಿ ಇತ್ತು.
ಮೀನು ಹಿಡಿಯುವ ಅಲ್ಯೂಮಿನಿಯಂ ದೋಣಿ, ತಳದಲ್ಲಿ ಹುಳದ ಡಬ್ಬಿ.
ಅಳತೆ ಹಾಕಿದ್ದ ಜಾಗದಲ್ಲಿ ಮೋಟಾರು ನಿಲ್ಲಿಸಿ
“ಇಲ್ಲಿ,” ಅಂದೆ.
ಮೊದಲ ಬಾರಿಗೆ ಆ ಪದ ನನ್ನ ಬಾಯಿಂದ ಬಂದದ್ದು.

ಅವಳು ಕೈ ಅದ್ದಿದಳು. ತಣ್ಣಗಿತ್ತು, ತೆಗೆಯಲಿಲ್ಲ.
“ನಮ್ಮ ಮನೆಯ ಕತೆಯಲ್ಲಿ ನಿಮ್ಮ ಅಂಬಿಗ ಒಳ್ಳೆಯವನಲ್ಲ.
ದಾಟಿಸುವ ಬಾಡಿಗೆಗೆ ಅವಳ ಕಂಬಳಿ ಕೇಳಿದ.
ಜನವರಿ. ಕೊಟ್ಟಳು.
ಬೆನ್ನಟ್ಟಿ ಬಂದವರಿಂದಲೂ ಕಾಸು ಇಸಕೊಂಡ.
ನಡುಹೊಳೆಯಲ್ಲಿ ಹಗ್ಗ ಸಿಕ್ಕಿತು ಅಂತಾರೆ.
ಸಿಕ್ಕಿದ್ದೋ, ಸಿಕ್ಕಿಸಿದ್ದೋ,
ಯಾರು ಕಂಡವರು?”

ದೊಡ್ಡದೊಂದು ಕಲ್ಲಿದ್ದಲ ನಾವೆ ಹಾದುಹೋಯಿತು,
ಅದರ ಅಲೆ ತಡವಾಗಿ ಬಂದು ನಮ್ಮನ್ನು ತೂಗಿತು.

“ಆಮೇಲೆ,” ಅಂದಳು ಬಹಳ ಹೊತ್ತಿನ ಮೇಲೆ,
“ಅದೇ ಕಂಬಳಿ ಹೊದ್ದು ಕೂತಾಗ
ಬೆಚ್ಚಗಾಗಿ, ಅವನಿಗೆ ನಾಚಿಕೆ ಹುಟ್ಟಿರಬಹುದು.”
ನಕ್ಕಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಈ ಏಪ್ರಿಲ್ ಮತ್ತೆ ಏಣಿ ಹತ್ತಿದೆ.
ಸ್ಟ್ರೌಡ್‌ನ ಹೆಸರಿಗೂ ಬಳಿದೆ, ಕಡಿಮೆ ಮಾಡಲಿಲ್ಲ;
ಒಂದು ಅಕ್ಷರದ ಪೊಟರೆಯಲ್ಲಿ ಕಣಜ ಗೂಡು ಕಟ್ಟಿತ್ತು,
ಅದನ್ನು ಬಿಟ್ಟು ಸುತ್ತ ಬಳಿದೆ.

ಇಳಿದು ಬಂದು ಇಲಾಖೆಯ ಫಾರಂ ತುಂಬಿದೆ.
ಕಂಬದ ಸ್ಥಿತಿ: ನೆಟ್ಟಗಿದೆ.
ತುಕ್ಕು: ಅಲ್ಪ.
ಬಿದ್ದುಹೋದ ಅಕ್ಷರಗಳ ಸಂಖ್ಯೆ:
ಏಳು.

ಯಾವ ಸಾಲಿನಲ್ಲಿ ಎಂದು
ಆಫೀಸು ಇನ್ನೂ ಕೇಳಿಲ್ಲ.